ಅಗರು ಬ್ಯಾಂಡಿನ ಗಾಯಕ

ನಮ್ಮ ಬ್ಯಾಂಡಿನಲ್ಲಿ ಹಾಡುತ್ತಿದ್ದವನು ಬಸ್ ಕಂಡಕ್ಟರ್. ಕೊಳ್ಳೇಗಾಲದಿಂದ ಹನೂರಿನ ಮೇಲೆ ಬೆಟ್ಟಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ವಾರವೆಲ್ಲ ಊರುಗಳ ಹೆಸರು ಕೂಗಿ, ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಮಗ್ಗದ ಕೋಣೆಗೆ ಬಂದು ಮತ್ತೆ ಕೂಗುತ್ತಿದ್ದ. ನನ್ನದು ಗಿಟಾರ್, ಯಳಂದೂರಿನ ಗೆಳೆಯನದು ಡ್ರಮ್ಸ್. ನುಡಿಸುತ್ತಿದ್ದದ್ದು ಮೆಟಲ್ ಸಂಗೀತ, ಆದರೆ ನಿಧಾನದ್ದು. ಮಂಜು ಕವಿದಂತೆ ಗಿಟಾರ್ ಹಬ್ಬುತ್ತಾ ಹೋಗಬೇಕು, ಅದರೊಳಗಿಂದ ಅವನ ಚೀತ್ಕಾರ ಏಳಬೇಕು. ಅದನ್ನು ಮೊದಲ ಸಲ ಕೇಳಿದಾಗ ನಮ್ಮವ್ವ ಲಾಳಿ ಹಿಡಿದುಕೊಂಡೇ ಓಡಿಬಂದು, "ಯಾರ್ಗೇನಾಯ್ತಪ್ಪ?" ಎಂದಿದ್ದಳು.

ಹೆಸರಿಟ್ಟವನೂ ಅವನೇ. ವ್ಯಾಪಾರಿಯೊಬ್ಬ ಘಮಘಮಿಸುವ ಅಗರು ಮರದ ಚಕ್ಕೆಗಳ ಚೀಲವನ್ನು ಬಸ್ಸಿನ ಸೀಟಿನ ಕೆಳಗಿಟ್ಟಿದ್ದನಂತೆ. "ಡೀಸೆಲ್ ವಾಸ್ನೆ, ಬೆವರ್ ವಾಸ್ನೆ ಎಲ್ಲಾ ಮುಚ್ಕಂಡೋಯ್ತು ಕಣ್ಲಾ. ನಮ್ ಬ್ಯಾಂಡ್ಗೂ ಅದೇ ಎಸ್ರು ಮಡಗಣ" ಎಂದ.

ಎರಡು ವರ್ಷದ ಮೇಲೆ ಅವನ ಕತ್ತಿನಲ್ಲಿ ಗಂಟು ಕಾಣಿಸಿಕೊಂಡಿತು. ಅದು ಧ್ವನಿಯ ನರವನ್ನೇ ಸುತ್ತಿಕೊಂಡಿದೆ, ನರ ಉಳಿಸಿ ಗಂಟು ತೆಗೆಯುವುದು ಕಷ್ಟ ಎಂದು ಮೈಸೂರಿನ ವೈದ್ಯರು ಮೊದಲೇ ಹೇಳಿದ್ದರು. ಆಪರೇಷನ್ ಆಯಿತು. ಜೀವ ಉಳಿಯಿತು. ಧ್ವನಿ ಪಿಸುಮಾತಿಗೆ ಇಳಿಯಿತು.

ಅವನು ಮತ್ತೆ ಕೆಲಸಕ್ಕೆ ಹೋದ ದಿನ ನಾನೂ ಬಸ್ ಹತ್ತಿದೆ. ಕೌದಳ್ಳಿ ಹತ್ತಿರವಾದಾಗ ಅವನು ಬಾಯಿ ತೆರೆದ. ಎಂಜಿನ್ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಮುಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ತಿರುಗಿ ಅವನ ಮುಖ ನೋಡಿದಳು. ಆಮೇಲೆ ತಾನೇ, "ಕೌದಳ್ಳಿಯೋರು ಇಳ್ಕೊಳ್ರಪ್ಪೋ!" ಎಂದು ಕೂಗಿದಳು. ಅವನು ಅವಳಿಗೆ ಕೈಮುಗಿದು ನಕ್ಕ. ನಂತರ ನನಗೆ ಬೆನ್ನು ಹಾಕಿ ಬಾಗಿಲಲ್ಲಿ ನಿಂತವನು ಬೆಟ್ಟ ಬರುವವರೆಗೂ ತಿರುಗಲಿಲ್ಲ.

ಬ್ಯಾಂಡ್ ನಿಲ್ಲಿಸೋಣ ಎಂದೆವು. ಅವನು ನಮ್ಮಿಬ್ಬರನ್ನೂ ಹತ್ತಿರ ಕರೆದು, "ಬ್ಯಾರೆಯೋರ್ನ ಕರ್ಕೊಳ್ಳಿ" ಎಂದ.

"ನಿನ್ ಜಾಗ್ದಲ್ಲಿ ಯಾರ್ಲಾ ನಿಲ್ತಾರೆ?" ಡ್ರಮ್ಸ್ ಗೆಳೆಯ ರೇಗಿದ.

"ನಿಲ್ಲೋರ್ಗೆ ನಾನೇ ಕಲಿಸ್ತೀನಿ. ಸುಮ್ನೆ ಕೂರಾಕಾಗಲ್ಲ ನಂಗೆ."

ಯಳಂದೂರಿನಲ್ಲಿ ನರ್ಸ್ ಆಗಿದ್ದ ಹುಡುಗಿಯೊಬ್ಬಳು ಹಾಡಲು ಬಂದಳು. ಅವನು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರು ಎಲ್ಲಿಂದ ಏಳಬೇಕೆಂದು ತೋರಿಸುತ್ತಿದ್ದ. ಅವಳು ಗಂಟಲಿನಿಂದ ಕಿರುಚಿದರೆ ಸಾಕು, ತನ್ನ ಕತ್ತು ಹಿಡಿದು ಬೇಡವೆಂದು ಜೋರಾಗಿ ತಲೆಯಾಡಿಸುತ್ತಿದ್ದ. ಹೀಗೆ ತಿಂಗಳುಗಟ್ಟಲೆ ನಡೆಯಿತು.

ಯಳಂದೂರಿನ ಕಲ್ಯಾಣ ಮಂಟಪವೊಂದರಲ್ಲಿ ಅವಳು ಮೊದಲ ಸಲ ಹಾಡಿದಳು. ಕೇಳಲು ಬಂದವರು ಬಹಳ ಜನರಿರಲಿಲ್ಲ. ಅವನು ಮುಂದಿನ ಕುರ್ಚಿಯಲ್ಲಿದ್ದ. ಪ್ರತಿ ಸಾಲಿಗೂ ಅವನ ತುಟಿ ಆಡುತ್ತಿತ್ತು, ಎದೆ ಉಬ್ಬುತ್ತಿತ್ತು, ಕತ್ತಿನ ಗಾಯದ ಗೆರೆ ಬಿಗಿಯುತ್ತಿತ್ತು. ಸದ್ದು ಮಾತ್ರ ಅವಳ ಬಾಯಿಂದ ಬರುತ್ತಿತ್ತು. ನೋಡುತ್ತಿದ್ದರೆ ಬೆರಳು ತಪ್ಪುತ್ತದೆಂದು ನಾನು ತಲೆ ತಗ್ಗಿಸಿದೆ.

ಎಲ್ಲ ಮುಗಿದ ಮೇಲೆ ಅವನು ಅವಳ ಕಿವಿಯಲ್ಲಿ ಏನೋ ಹೇಳಿ, ವೈರು ಸುತ್ತಲು ಹೋದ. ಅವಳು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಏನಂದ ಎಂದು ಕೇಳಿದೆ.

"ಎರಡ್ನೇ ಸಾಲ್ಗೆ ಮುಂಚೆ ಇನ್ನೊಂಚೂರು ಉಸ್ರು ತಕೋಬೇಕಿತ್ತು ಅಂದ್ರು ಸಾ."