ಎಂಟಕ್ಕ ಹೊಡಿಯೋ ಗಂಟಿ

ಅಣ್ಣ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದು ಅಪ್ಪಗ ಒಂಚೂರೂ ಸೇರಿದ್ದಿಲ್ಲ. ಬನಹಟ್ಟ್ಯಾಗ ಹುಟ್ಟಿದ ಮಗ ಮಗ್ಗ ಬಿಟ್ಟು ಸೋಲ್ಡರ್ ಹೊಗಿ ಕುಡಕೊಂತ ಕುಂತರ ಯಾವ ಅಪ್ಪಗ ಸೇರತೈತಿ? ಕಡೀಕ ಅಪ್ಪ ಒಂದ ಮಾತಂದ: "ನಮ್ಮ ಮಗ್ಗದ ಶೆಡ್ಡಿನ ಮೋಟರ್ ಸುಡಲಾರದಂಗ ಏನರ ಮಾಡಿ ತೋರಸು. ಆಗಲಿಲ್ಲಂದ್ರ ಅಂಗಡಿಗೆ ಕೀಲಿ ಹಾಕಿ ಮಗ್ಗದ ಮುಂದ ನಿಂದ್ರು."

ಅಣ್ಣ ಒಂದ ಡಬ್ಬಿ ಮಾಡಿ ತಂದ. ಮೋಟರ್ ಎಷ್ಟ ಕರೆಂಟ್ ಎಳೀತೈತಿ ಅನ್ನೋದನ್ನ ಸಣ್ಣಗ ಹಿಡದು, ಹಿಗ್ಗಿಸಿ, ಮೀಟರಿನ ಮುಳ್ಳಿನ ಮ್ಯಾಲೆ ತೋರಸತಿತ್ತು. ಹಿಗ್ಗಿಸಿದ್ದು ಎಂಟು ವೋಲ್ಟ್ ಮುಟ್ಟಿತಂದ್ರ ಗಂಟಿ. ಅಂಗಡ್ಯಾಗ ನನ್ನ ಮುಂದನ ಪರೀಕ್ಷಾ ಮಾಡಿದಾಗ ಭರ್ಜರಿ ಹೊಡದಿತ್ತು.

ಶೆಡ್ಡಿನ್ಯಾಗ ಹೊಡೀಲೇ ಇಲ್ಲ. ದಿನಾ ಸಂಜೀಕ ವೋಲ್ಟೇಜ್ ಬಿದ್ದು ಲೈಟ್ ಮಂಕಾಗಿ ಮೋಟರ್ ಹೆಚ್ಚ ಕರೆಂಟ್ ಎಳದು ನರಳಾಕ ಹತ್ತತಿತ್ತು. ಮುಳ್ಳು ಮ್ಯಾಲೇರಿ ಒಂದ ಕಡೆ ನಿಂತಬಿಡತಿತ್ತು. "ನೋಡ್ರಿ, ಮುಳ್ಳು ಜಗ್ಗಂಗಿಲ್ಲ, ಮೋಟರ್ ಗಟ್ಟಿ ಐತಿ!" ಅಂತ ಅಣ್ಣ ಮೀಸಿ ತಿರುವತಿದ್ದ. ನನಗ ಮಾತ್ರ ಜೀವ ತಡೀತಿದ್ದಿಲ್ಲ. ಜಮಖಂಡಿ ಕಾಲೇಜಿನ್ಯಾಗ ಎಲೆಕ್ಟ್ರಾನಿಕ್ಸ್ ಓದತಿದ್ದೆ; ಅಲ್ಲಿಂದ ಬಂದಾಕಿ ಪುಸ್ತಕ ಒಗದು ಶೆಡ್ಡಿಗೆ ಓಡತಿದ್ದೆ. ಮುಳ್ಳು ನೋಡೋದು, ಹೊರಗ ಬರೋದು, ಮತ್ತ ಹೋಗೋದು. "ನಿನ್ನ ಕಾಲಾಗ ಚಕ್ರ ಐತೇನ ಬೇ?" ಅಂತ ಅವ್ವ ಬೈಯತಿದ್ದಳು.

ಅವ್ವ ಆ ಮೋಟರ್ ಮ್ಯಾಲೆ ಕೈ ಒರಸೋ ಒದ್ದಿ ಅರಿವಿ ಒಣಗಾಕ ಹಾಸತಿದ್ದಳು. ನಾವು ಚಾ ಕುಡಿದು ಏಳೋತನಕಾ ಅದು ಒಣಗತಿದ್ದಿಲ್ಲ. ಒಂದ ಸಂಜಿ ಹಾಸಿ ಈಕಡೆ ತಿರಗೋದ್ರಾಗ ಅರಿವಿ ಒಣಗಿ ಸುಟ್ಟ ವಾಸನಿ ಬಂತು. ಮುಳ್ಳು ನೋಡಿದೆ. ಅಲ್ಲೇ ಇತ್ತು. ಡಬ್ಬಿ ಮುಚ್ಚಳ ತಗದು ನೋಡಿದೆ.

ಡಬ್ಬಿಗೆ ಹಾಕಿದ್ದು ಒಂಬತ್ತು ವೋಲ್ಟಿನ ಬ್ಯಾಟರಿ! ಅಂಗಡ್ಯಾಗ ಪರೀಕ್ಷಾಕ ಹಚ್ಚಿದ್ದು ಹನ್ನೆರಡರದು. ಹಿಗ್ಗಿಸೋ ಐಸಿ ಅನ್ನೋ ಆ ಸಣ್ಣ ಚಿಪ್ಪು ತನಗ ಸಿಕ್ಕ ವೋಲ್ಟಿಗಿಂತ ಒಂದೂವರಿ ಕೆಳಗನ ನಿಂದರತೈತಿ. ಏಳೂವರಿ ದಾಟಲಾರದ್ದು ಎಂಟಕ್ಕ ಗಂಟಿ ಹೆಂಗ ಹೊಡಿಸಬೇಕು? ಮೋಟರ್ ಎಷ್ಟ ಎಳದ್ರೂ ಮುಳ್ಳಿಗೆ ಹೋಗಾಕ ಜಾಗಾನ ಇದ್ದಿಲ್ಲ.

ಮೇನ್ ಸ್ವಿಚ್ ಕೆಡವಿದೆ. ಶೆಡ್ಡು ಗಪ್ಪಾತು. ಅಣ್ಣ ಓಡಿ ಬಂದ.

"ಬ್ಯಾಟರಿ ಒಂಬತ್ತರದೈತೋ ಅಣ್ಣಾ," ಅಂತ ಕಿವ್ಯಾಗ ಅಂದೆ. "ಎಂಟ ಮುಟ್ಟಂಗಿಲ್ಲ ಅದು."

ಅವನ ಮಾರಿ ಬೆಳ್ಳಗಾತು. ಅಷ್ಟ್ರಾಗ ಅಪ್ಪ ಅಂಗಳದಿಂದ ಬಂದ. "ಮಗ್ಗ ಯಾಕ ನಿಂತ್ವು? ಗಂಟಿ ಹೊಡೀತೇನು?"

ಅಣ್ಣ ಡಬ್ಬಿಗೆ ಅಡ್ಡ ನಿಂತ.

"ಹೊಡೀತ್ರಿ ಅಪ್ಪಾ," ಅಂದೆ ನಾನು.

ಅಪ್ಪ ಮೋಟರ್ ಮ್ಯಾಲೆ ಅಂಗೈ ಇಟ್ಟು ಚಕ್ಕನೆ ತಗೊಂಡ. ನನ್ನ ಮಾರಿ ನೋಡಿದ. ಹೊರಳಿ ಅಂಗಳಕ್ಕ ಹೋದ.

ಮರುದಿನ ಅಣ್ಣ ಮುಳ್ಳಿಗೆ ಜಾಗಾ ಸಿಗೋವಂಗ ಹಿಗ್ಗಿಸೋದನ್ನ ಕಡಿಮಿ ಮಾಡಿ ಗಂಟೀನ್ನ ಆರಕ್ಕ ಇಳಿಸಿದ. ಸಂಜೀಕ ಮುಳ್ಳು ಕುಣ್ಯಾಕ ಹತ್ತಿತು. ನನಗ ಕುಂದ್ರಾಕೂ ಆಗವಲ್ದು, ನಿಂದ್ರಾಕೂ ಆಗವಲ್ದು. ಲೈಟ್ ಮಂಕಾತು, ಮೋಟರ್ ನರಳಿತು, ಗಂಟಿ ಹೊಡೀತು. ಅಯ್ಯ ಶಿವನೇ, ಏನ ಹೊಡೀತಂತೀರಿ! ಅಣ್ಣ ಸ್ವಿಚ್ ಕೆಡವಿ ಅಲ್ಲೇ ಕುಂತು ಸಣ್ಣ ಹುಡುಗನಂಗ ಅತ್ತ.

ಅಪ್ಪ ಅಂಗಳದಿಂದ ಬಂದು ಅವನ ಹೆಗಲ ಮ್ಯಾಲೆ ಕೈ ಇಟ್ಟ. "ಏಳ ಲೇ, ಅಂಗಡಿ ತಗಿ ಹೋಗು," ಅಂದ. ಆಮ್ಯಾಲೆ ನನ್ನ ಕಡೆ ತಿರಗಿದ.

"ನಿನ್ನೇನೂ ನಾ ಅಂಗಳದಾಗನ ಇದ್ದೆ. ಗಂಟಿ ಇವತ್ತ ಕೇಳಿಸ್ತ ನೋಡವ್ವಾ."