ಕಪ್ಪು ಪರದೆಯ ಹಿಂದಿನ ಐದನೇ ಪ್ರಶ್ನೆ

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಅದಕ್ಕೇ ದಿನಚರಿ ಬರೆಯುತ್ತೇನೆ. ಆದರೆ ಆ ಒಂದು ಶನಿವಾರದ ದಿನಚರಿ ತೆರೆದರೆ ಅದರ ಮೇಲಿನ ನಂಬಿಕೆಯೂ ಹೋಗುತ್ತದೆ. ಎರಡು ಪುಟ ಸಂಕಟ ತೋಡಿಕೊಂಡಿದ್ದೇನೆ. ಬೇಕಾಗಿದ್ದ ಮೂರು ಸಾಲು ಮಾತ್ರ ಇಲ್ಲ.

ತಿಪಟೂರಿಗೆಲ್ಲ ಕಂಪ್ಯೂಟರಿಗೆ ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿಕೊಂಡವನು ನಾನೊಬ್ಬನೇ ಎಂಬ ಹೆಮ್ಮೆ ಆಗ ನನಗಿತ್ತು. ಹಾಗೆಂದರೆ ಕೆಟ್ಟಾಗ ಕೇಳಲೂ ಇನ್ನೊಬ್ಬನಿಲ್ಲ ಎಂಬುದು ಹೊಳೆದಿರಲಿಲ್ಲ. ಪರದೆ ನಿಧಾನವೆನಿಸಿ ಆ ಬೆಳಿಗ್ಗೆ ಗ್ರಾಫಿಕ್ಸ್ ಕಾರ್ಡಿಗೆ ಹೊಸ ಡ್ರೈವರ್ ಹಾಕಿದೆ. ಚಿತ್ರ ಮೂಡಿಸುವುದು ಹೇಗೆಂದು ಕಾರ್ಡಿಗೆ ಹೇಳಿಕೊಡುವ ತಂತ್ರಾಂಶ ಅದು. ಏನು ಹೇಳಿಕೊಟ್ಟಿತೋ, ಕಾರ್ಡು ಮುಷ್ಕರ ಹೂಡಿತು. ಕಪ್ಪು ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಗೆರೆ. ಸೆಟ್ಟಿಂಗಿನ ಕಡತದಲ್ಲಿ ಮೂರು ಸಾಲು ತಿದ್ದಿದೆ, ಇನ್ನೂ ಕೆಟ್ಟಿತು. ಮೊದಲು ಅಲ್ಲಿ ಏನಿತ್ತು? ಬರೆದಿಟ್ಟಿರಲಿಲ್ಲ.

ಆ ಕಂಪ್ಯೂಟರಿನೊಳಗೆ ನನ್ನ ಹೆಂಡತಿ ಗಿರಿಜೆಯ ಏಳನೇ ತರಗತಿ ವಿಜ್ಞಾನದ ಪ್ರಶ್ನೆಪತ್ರಿಕೆ ಇತ್ತು. ಅವಳು ಹೊನ್ನವಳ್ಳಿ ಶಾಲೆಯಲ್ಲಿ ಮೇಡಂ; ಸೋಮವಾರ ಹತ್ತಕ್ಕೆ ಅದು ಹೆಡ್‌ಮಾಸ್ಟರ ಮೇಜಿನ ಮೇಲಿರಬೇಕು. ಕಪ್ಪು ಪರದೆಯಲ್ಲೇ ಕಡತ ತೆರೆದೆ. ಆ ಪರದೆಗೆ ಕನ್ನಡ ಬಾರದು. ಪ್ರಶ್ನೆಪತ್ರಿಕೆ ತುಂಬ ಬರೀ ಪ್ರಶ್ನಾರ್ಥಕ ಚಿಹ್ನೆ.

“ಮಕ್ಳು ಉತ್ತರಾನೂ ಹಿಂಗೇ ಬರೀಲಾ?” ಎಂದಳು ಗಿರಿಜೆ.

ಭಾನುವಾರ ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಶಿವಲಿಂಗಣ್ಣ ಬಂದರು. ನಮ್ಮ ಕಡೆ ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷ ಕಾಯುತ್ತಾರೆ. ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗೆ ಗುಡುಗುಡು ಎಂದರೆ ಕೊಬ್ಬರಿ ಆಯಿತೆಂದು ಲೆಕ್ಕ. ಅವರು ನನ್ನ ಸಿಪಿಯು ಪೆಟ್ಟಿಗೆಯನ್ನು ಎರಡೂ ಕೈಯಲ್ಲೆತ್ತಿ ಕಿವಿಯ ಪಕ್ಕ ಅಲ್ಲಾಡಿಸಿಬಿಟ್ಟರು!

“ಅಯ್ಯೋ, ಇಳಿಸ್ರೀ!”

“ಅಲ್ಲಾಡ್ತಾನೇ ಇಲ್ವಲ್ರೀ ಸ್ವಾಮಿ. ಇನ್ನೂ ಹಸಿ ಐತೆ. ಅಟ್ಟಕ್ಕಾಕಿ ಬುಡಿ.”

ಸಿಟ್ಟು ನೆತ್ತಿಗೇರಿತು. ಆದರೆ ಆ ಡ್ರೈವರ್ ನಿಜಕ್ಕೂ ಹಸಿಯಾಗಿತ್ತು; ಬಲಿಯುವ ಮೊದಲೇ ಒಡೆದವನು ನಾನು.

ಸಂಜೆಗೆ ಗಿರಿಜೆ ಪೆನ್ನು ಹಿಡಿದು ಕೂತಳು. ಎಲ್ಲ ಪ್ರಶ್ನೆಗಳೂ ನೆನಪಾದವು, ಐದನೆಯದೊಂದು ಬಿಟ್ಟು. “ನಾನು ಟೈಪ್ ಮಾಡಿದ ದಿನ ನೀವು ಓದಿದ್ರಲ್ಲ, ಏನ್ರೀ ಅದು?” ನನಗೆ ಬಿಳಿಯ ಪರದೆಯ ಮೇಲಿನ ಕರಿಯ ಅಕ್ಷರಗಳೇ ಕಣ್ಣಿಗೆ ಕಟ್ಟಿದವು. ತಡವರಿಸದೆ ಹೇಳಿದೆ: ತೆಂಗಿನ ಬೀಜ ಹೇಗೆ ಪ್ರಸಾರವಾಗುತ್ತದೆ? ಅವಳು ಬರೆದುಕೊಂಡಳು. ಪತ್ರಿಕೆ ಸಮಯಕ್ಕೆ ತಲುಪಿತು.

ಪರೀಕ್ಷೆ ಮುಗಿದ ಮೇಲೆ ಒಂದು ಮಧ್ಯಾಹ್ನ ತಿದ್ದಿ ಕೆಡಿಸಿದ್ದ ಸೆಟ್ಟಿಂಗಿನ ಕಡತವನ್ನು ಅಳಿಸಿ, ಹಳೆಯ ಡ್ರೈವರನ್ನೇ ಮತ್ತೆ ಹಾಕಿದೆ. ಪರದೆ ಬಂತು. ಮೊದಲು ತೆರೆದದ್ದು ಪ್ರಶ್ನೆಪತ್ರಿಕೆಯ ಕಡತವನ್ನೇ. ಐದನೇ ಪ್ರಶ್ನೆ: ಇಬ್ಬನಿ ಹೇಗೆ ಉಂಟಾಗುತ್ತದೆ? ತೆಂಗಿನ ಸುಳಿವೇ ಇಲ್ಲ. ಯಂತ್ರ ಎಲ್ಲವನ್ನೂ ಇಟ್ಟುಕೊಂಡಿತ್ತು, ತೋರಿಸಲಾರದೆ ಹೋಗಿತ್ತು. ನಾನೋ, ಇಲ್ಲದ್ದನ್ನೇ ಬಣ್ಣಸಮೇತ ತೋರಿಸಿದ್ದೆ.

ಅಷ್ಟರಲ್ಲಿ ಗಿರಿಜೆ ಉತ್ತರಪತ್ರಿಕೆಗಳ ಕಟ್ಟಿನೊಂದಿಗೆ ಬಂದಳು. “ನೀರಲ್ಲಿ ತೇಲ್ಕೊಂಡು ಅಂತ ಒಬ್ರೂ ಬರ್ದಿಲ್ಲ ಕಣ್ರೀ. ತರಗತಿಗೆ ತರಗತಿನೇ ‘ಲಾರಿಯಲ್ಲಿ’ ಅಂತ ಬರೆದೈತೆ. ನಮ್ಮ ಸೀಮೇಲಿ ಯಾವ ಸಮುದ್ರ? ಇಂಥ ಪ್ರಶ್ನೆ ನಾನು ಇಟ್ಟಿದ್ನಾ? ಎಲ್ಲಿ, ಆ ಫೈಲ್ ತೋರಿಸಿ.”

ನಾನು ಕಾಲಿನಿಂದ ಮೆಲ್ಲನೆ ಮಾನಿಟರಿನ ವೈರು ಕಿತ್ತೆ.

“ಡ್ರೈವರ್ ಇನ್ನೂ ಸರಿಹೋಗಿಲ್ಲ ಕಣೇ,” ಎಂದೆ.