ನಮ್ಮ ಮನೆಯಿಂದ ಹೊರಟ ಮೊದಲ ಅಕ್ಕಿ

ಅಕ್ಕಿ ಅಂಗಡಿಯ ಕಾಕನ ಹುಬ್ಬಿನಲ್ಲಿ ಯಾವಾಗಲೂ ಕೆಂಪು ತೌಡು ಕೂತಿರುತ್ತಿತ್ತು. ಶುಕ್ರವಾರ ಮಿಂದು ನಮಾಜಿಗೆಂದು ಪಳ್ಳಿಗೆ ಹೊರಟಾಗ ಮಾತ್ರ ಆ ಹುಬ್ಬು ಕಪ್ಪೆಂದು ನಮಗೆ ಗೊತ್ತಾಗುತ್ತಿದ್ದುದು. ಯಾರು ಅಕ್ಕಿ ತಂದರೂ ಒಂದು ಕಾಳು ಬಾಯಿಗೆ ಹಾಕಿ ಕಟಕ್ಕೆಂದು ಕಚ್ಚಿ ನೋಡುವರು, ಆಮೇಲೆಯೇ ಮಾತು.

ಈ ಸಲ ರಂಜಾನಿನ ಕೊನೆಯ ದಿನ, ಸೂರ್ಯ ಮುಳುಗುವುದಕ್ಕೆ ಸ್ವಲ್ಪ ಮೊದಲು ನನಗೆ ಮೊಮ್ಮಗ ಹುಟ್ಟಿದ. ಹಬ್ಬದ ನಮಾಜಿಗೆ ಮೊದಲು, ಮನೆಯಲ್ಲಿ ಎಷ್ಟು ತಲೆಯೋ ಅಷ್ಟು ಅಳತೆ ಫಿತ್ರ್ ಅಕ್ಕಿಯನ್ನು ಇಲ್ಲದವರಿಗೆ ಮುಟ್ಟಿಸಬೇಕೆಂಬುದು ನಮ್ಮ ಕಟ್ಟಳೆ. ಹೊತ್ತು ಮುಳುಗುವ ಮೊದಲೇ ಬಂದವನಲ್ಲವೇ, ಅವನ ತಲೆಗೂ ಒಂದಳತೆ! ಅಂಗೈಯಷ್ಟು ಮುಖ, ಸರಿಯಾಗಿ ಕಣ್ಣು ಬಿಟ್ಟಿಲ್ಲ, ಆಗಲೇ ಕೊಡುವವನಾದ. ಅಕ್ಕಿ ಅಳೆಯುವಾಗ ನನ್ನ ನಗು ನಿಲ್ಲಲೇ ಇಲ್ಲ. ಮೂರನೇ ತರಗತಿಗೆ ಶಾಲೆ ಬಿಟ್ಟ ನನಗೆ ಬರೆಯುವುದು ಕಷ್ಟ. ಆದರೂ ಕಾಕನ ಬಗ್ಗೆ ಬರೆಯದೆ ಇರಲಾರೆ. ಕೊಡುವವರ ಸಾಲಿಗೆ ನಮ್ಮನ್ನು ಸೇರಿಸಿದವರು ಅವರು.

ಐವತ್ತರ ದಶಕದಲ್ಲಿ ಈಶ್ವರಮಂಗಲದ ಪೇಟೆಯಲ್ಲಿ ಅವರ ಅಂಗಡಿ. ಅಪ್ಪ ತೀರಿಹೋದ ಮೇಲೆ ಉಮ್ಮ ಅವರಿವರ ಭತ್ತ ಬೇಯಿಸಿ, ಒಣಗಿಸಿ, ಕುಟ್ಟಿ ಕುಚ್ಚಲಕ್ಕಿ ಮಾಡಿಕೊಡುತ್ತಿದ್ದಳು. ರಂಜಾನಿನಲ್ಲಿ ಸಾಹುಕಾರರ ಜಗಲಿಗಳ ಮುಂದೆ ನಾವೂ ಸಾಲಿನಲ್ಲಿ ನಿಲ್ಲುತ್ತಿದ್ದೆವು. ಕೈಗೆ ಚಿಲ್ಲರೆ ಬೀಳುತ್ತಿತ್ತು. ಕಾಕನ ಅಂಗಡಿಯ ಮುಂದೆ ಸಾಲೇ ಇರಲಿಲ್ಲ. "ಎಲ್ಲರಿಗೂ ಚೂರು ಚೂರು ಹಂಚಿದ್ರೆ ಬರುವ ವರ್ಷವೂ ಎಲ್ಲರೂ ಇಲ್ಲೇ ನಿಲ್ಲುದು" ಎನ್ನುವರು. ವರ್ಷಕ್ಕೊಂದು ಮನೆ ಆರಿಸಿ, ತನ್ನ ಸೊತ್ತಿನಲ್ಲಿ ಬಡವರಿಗೆ ಸಲ್ಲಬೇಕಾದ ಪಾಲನ್ನು, ಝಕಾತನ್ನು, ಆ ಮನೆ ಎದ್ದು ನಿಲ್ಲುವಷ್ಟು ಕೊಡುವುದು ಅವರ ಕ್ರಮ.

ಒಂದು ವರ್ಷ ನಮ್ಮ ಅಂಗಳಕ್ಕೆ ಬಂದರು.

"ನಿನಗೆ ಎಂತ ಕೆಲಸ ಗೊತ್ತುಂಟು?"

"ಬೇರೆಯವರ ಭತ್ತ ಬೇಯಿಸ್ಲಿಕ್ಕೆ ಗೊತ್ತುಂಟು ಕಾಕ," ಎಂದಳು ಉಮ್ಮ.

"ಇನ್ನು ನಿನ್ನದೇ ಬೇಯಿಸು."

ಮರುದಿನ ಗಾಡಿಯಲ್ಲಿ ತಾಮ್ರದ ಹಂಡೆ, ನಾಲ್ಕು ಗೋಣಿ ಭತ್ತ ಬಂತು. ಉಮ್ಮ ಹೆದರಿದಳು. "ಇಷ್ಟು ಸಾಲ ತೀರಿಸ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

"ಸಾಲ ಎಂತದ್ದು ಮಾರಾಯ್ತಿ? ಇದು ನಿನ್ನ ಪಾಲು. ಇಷ್ಟು ದಿನ ನನ್ನ ಅಟ್ಟದಲ್ಲಿ ಬಿದ್ದಿತ್ತು, ಅಷ್ಟೇ."

ಅಲ್ಲಿಂದ ಮೂರನೇ ಹಬ್ಬಕ್ಕೆ ನಮ್ಮ ಊಟಕ್ಕೆ ಸಾಕಾಗಿ ಮಿಕ್ಕುವಷ್ಟು ಅಕ್ಕಿ ಮನೆಯಲ್ಲಿತ್ತು. ಉಮ್ಮ ಬೆಳಗ್ಗೆಯೇ ನಮ್ಮಿಬ್ಬರ ತಲೆಗೆ ಎರಡಳತೆ ಅಳೆದು ಬುಟ್ಟಿಗೆ ಹಾಕಿದಳು. "ನಮಾಜಿಗೆ ಮೊದಲು ಮುಟ್ಟಿಸಿ ಬಾ. ತಡವಾದ್ರೆ ಫಿತ್ರ್ ಅಂತ ಸಲ್ಲುದಿಲ್ಲ." ಯಾರಿಗೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ನನಗೆ ಒಂಬತ್ತು ವರ್ಷ. ನಮ್ಮ ಅಕ್ಕಿಯೆಲ್ಲ ಮಾರಾಟಕ್ಕೆ ಹೋಗುತ್ತಿದ್ದುದು ಕಾಕನಲ್ಲಿಗೆ. ನೇರ ಅವರ ಮನೆಗೇ ಹೋದೆ.

ಅವರ ಹೆಂಡತಿ ಹೊಟ್ಟೆ ಹಿಡಿದು ನಕ್ಕರು. "ಓ, ಇಲ್ಲಿ ನೋಡಿ! ನಿಮಗೆ ಫಿತ್ರ್ ಅಕ್ಕಿ ಬಂದುಂಟು. ಅಷ್ಟು ಗತಿಗೆಟ್ಟಿರಾ?"

ಕಾಕ ಹೊಸ ಬಿಳಿ ಅಂಗಿಯಲ್ಲಿ ಹೊರಬಂದರು. ಅಭ್ಯಾಸದಂತೆ ಒಂದು ಕಾಳೆತ್ತಿ ಬಾಯಿಯ ಹತ್ತಿರ ತಂದವರು ತಟ್ಟನೆ ಅದನ್ನು ಬುಟ್ಟಿಗೇ ಹಾಕಿದರು. "ಇದರಲ್ಲಿ ಒಂದು ಕಾಳೂ ನನಗೆ ಸಲ್ಲುದಿಲ್ಲ ಮಗಳೇ. ಇಲ್ಲದವರದ್ದು ಇದು. ನಡಿ, ಹೊತ್ತಾಯ್ತು."

ಪಳ್ಳಿಯಿಂದ ಹಬ್ಬದ ತಕ್ಬೀರ್ ಘೋಷ ಕೇಳುತ್ತಿತ್ತು. ಕಾಕ ಬುಟ್ಟಿಯನ್ನು ತಲೆಗೇರಿಸಿ ಗುಡ್ಡ ಹತ್ತಿದರು. ನಾನು ಹಿಂದೆ ಓಡಿದೆ. ಅಡಿಕೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡವನ ಗುಡಿಸಲು ಬಂತು. ಬೇಲಿಯ ಹೊರಗೇ ನಿಂತು ಬುಟ್ಟಿಯನ್ನು ನನ್ನ ಕೈಗಿಟ್ಟರು. "ನೀನೇ ಕೊಡು. ನನ್ನ ಮುಖ ಕಂಡ್ರೆ ನಾನು ಕೊಟ್ಟದ್ದು ಅಂತ ಆಗ್ತದೆ. ಇದು ನಿನ್ನ ಉಮ್ಮನದ್ದು."

ಯಾವಾಗಲೂ ಮುಂದಿನ ಸಾಲಿನಲ್ಲಿರುವ ಕಾಕ ಆ ದಿನ ತಡವಾಗಿ ತಲುಪಿ ಪಳ್ಳಿಯ ಹೊರಗೆ, ಚಪ್ಪಲಿಗಳ ಹತ್ತಿರ ನಿಂತು ನಮಾಜು ಮಾಡಿದರಂತೆ. ನಾನು ಮನೆಗೆ ಮರಳಿದಾಗ ಉಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು.

"ಸಂದಿತಾ?"

"ಸಂದಿತು."

ಅವಳು ಹೊಸ್ತಿಲ ಮೇಲೆ ಹಾಗೆಯೇ ಕೂತುಬಿಟ್ಟಳು.

ಅರವತ್ತರ ದಶಕ ಮುಗಿಯುವ ಮೊದಲು ಕಾಕ ತೀರಿಕೊಂಡರು. ಸಾವಿನ ಮನೆಗೆ ನೆರೆಯವರು ಊಟ ಒಯ್ಯಬೇಕು. ಅದಕ್ಕೆ ಉಳ್ಳವರು, ಇಲ್ಲದವರು ಎಂಬ ಭೇದವಿಲ್ಲ. ಉಮ್ಮ ಗಂಜಿ ಬೇಯಿಸಿ, "ಇವತ್ತು ಆ ಮನೆಗೇ ಹೋಗುವ" ಎಂದಳು. ಹಿಂದಿನ ದಿನದಿಂದ ಏನೂ ಮುಟ್ಟದಿದ್ದ ಕಾಕನ ಹೆಂಡತಿ ಬಟ್ಟಲು ಖಾಲಿ ಮಾಡಿ, ಅದನ್ನು ಉಮ್ಮನ ಮುಂದೆ ಚಾಚಿದರು.

"ಇನ್ನು ಸ್ವಲ್ಪ ಹಾಕು."

ಉಮ್ಮ ಹಾಕಿದಳು.